ಎಲ್ಲ ಹೊಟ್ಟೆನೋವೂ ಗ್ಯಾಸ್ಟ್ರಿಕ್ ಅಲ್ಲ

ನಮಸ್ಕಾರ. ಒಂದು ಶಬ್ದದ ಮೇಲೆ ನನಗೆ ಬಹಳ ವರ್ಷದಿಂದ ಸಿಟ್ಟಿದೆ. ಅದು ಗ್ಯಾಸ್ಟ್ರಿಕ್. ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಎಲ್ಲಿ ನೋವಾದರೂ ಗ್ಯಾಸ್ಟ್ರಿಕ್. ಆ ಹೆಸರು ಇಟ್ಟ ಮೇಲೆ ಮನೆಯವರೆಲ್ಲ ನಿಶ್ಚಿಂತೆಯಿಂದ ಇದ್ದುಬಿಡುತ್ತೇವೆ, ಅಲ್ವಾ?

ನನ್ನ ತಮ್ಮ ಆಗ ಸೆಕೆಂಡ್ ಪಿಯುಸಿ. ಒಂದು ಬುಧವಾರ ಬೆಳಿಗ್ಗೆ ಹೊಕ್ಕುಳ ಸುತ್ತ ನೋವು ಅಂದ. ತಿಂಡಿ ಬೇಡ ಅಂದ, ಒಂದು ಸಲ ವಾಂತಿಯಾಯಿತು. ಅಮ್ಮ ಜೀರಿಗೆ ಕಷಾಯ ಕೊಟ್ಟರು. ಪಕ್ಕದ ಮನೆ ಅಜ್ಜಿ ಬಟ್ಟಿ ಸರಿದಿದೆ ಅಂತ ಹೊಟ್ಟೆ ತಿಕ್ಕಿದರು. ಸಂಜೆ ಹೊತ್ತಿಗೆ ನೋವು ಬಲಗಡೆ ಕೆಳಕ್ಕೆ ಇಳಿದಿತ್ತು. ಊರಿನ ಕ್ಲಿನಿಕ್‌ನಲ್ಲಿ ಒಂದು ಸೂಜಿ ಹಾಕಿದರು. ಗುರುವಾರ ಇನ್ನೊಂದು. ನೋವಿಗೆ ಸೂಜಿ ಹಾಕುವುದು ತಪ್ಪಲ್ಲ. ಆದರೆ ಎರಡು ದಿನವೂ ಅವನನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದವರು ಒಬ್ಬರೂ ಇಲ್ಲ. ಅದು ತಪ್ಪು.

ಶುಕ್ರವಾರ ಮಧ್ಯಾಹ್ನ ನೋವು ಇದ್ದಕ್ಕಿದ್ದಂತೆ ಕಡಿಮೆಯಾಯಿತು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅವನು ಎದ್ದು ಕೂತು ಅರ್ಧ ಲೋಟ ಗಂಜಿ ಕುಡಿದ.

ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಅಪೆಂಡಿಕ್ಸ್ ಅಂದರೆ ದೊಡ್ಡ ಕರುಳು ಶುರುವಾಗುವ ಜಾಗಕ್ಕೆ ಅಂಟಿಕೊಂಡಿರುವ, ಬೆರಳಿನಷ್ಟು ಉದ್ದದ ಕೊಳವೆ. ಅದರ ಬಾಯಿ ಕಟ್ಟಿಕೊಂಡರೆ ಒಳಗೆ ಊತ, ಕೀವು, ಒತ್ತಡ. ಒಡೆದಾಗ ಆ ಒತ್ತಡ ಇಳಿಯುತ್ತದೆ. ಹಾಗಾಗಿ ಸ್ವಲ್ಪ ಹೊತ್ತು ನೋವೂ ಇಳಿಯಬಹುದು. ನಾವು ದೀಪ ಹಚ್ಚಿದ ಹೊತ್ತಿನಲ್ಲಿ ಅವನ ಹೊಟ್ಟೆಯೊಳಗೆ ಕೀವು ಹರಡುತ್ತಿತ್ತು.

ಶನಿವಾರ ರಾತ್ರಿ ಹೊಟ್ಟೆ ಹಲಗೆ ಥರ ಗಟ್ಟಿಯಾಗಿತ್ತು. ಕೈಕಾಲು ತಣ್ಣಗೆ. ಉಸಿರು ಜೋರು ಜೋರು. ಅಮ್ಮ ಏನೋ ಕೇಳಿದರೆ ಇವನು ಏನೋ ಹೇಳುತ್ತಿದ್ದ. 108ಕ್ಕೆ ಫೋನ್ ಮಾಡಿದೆವು. ಹತ್ತಿರದ ಆಸ್ಪತ್ರೆಯಲ್ಲಿ ಸರ್ಜನ್ ಇದ್ದರು, ಅರಿವಳಿಕೆ ಡಾಕ್ಟರ್ ಇರಲಿಲ್ಲ. ಡ್ರಿಪ್ ಹಾಕಿ, ಆಂಟಿಬಯೋಟಿಕ್ ಕೊಟ್ಟು ಇನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಡಾಕ್ಟರ್ ಮೊದಲು ಕೇಳಿದ್ದು, "ನೋವು ಯಾವಾಗ ಶುರುವಾಯ್ತಮ್ಮಾ?" ಅಮ್ಮ ಬುಧವಾರ ಅಂದರು. ಅವರು ಬೈಯಲಿಲ್ಲ. ಸುಮ್ನೆ ಬರೆದುಕೊಂಡರು.

ಮೊದಲ ದಿನವೇ ಹೋಗಿದ್ದರೆ ಬಹುಶಃ ಮೂರು ಸಣ್ಣ ತೂತಿನಲ್ಲಿ ಆಪರೇಷನ್ ಮುಗಿಯುತ್ತಿತ್ತು, ಒಂದೆರಡು ದಿನದಲ್ಲಿ ಮನೆಗೆ ಬರುತ್ತಿದ್ದ. ಈಗ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು, ಕೀವು ತೆಗೆದು, ಲೀಟರ್‌ಗಟ್ಟಲೆ ಸಲೈನ್ ಹಾಕಿ ತೊಳೆಯಬೇಕಾಯಿತು. ಮೂಗಿನಲ್ಲಿ ನಳಿಕೆ, ಅದರಲ್ಲಿ ಹಸಿರು ನೀರು. ಪಕ್ಕೆಯಿಂದ ಇನ್ನೊಂದು ನಳಿಕೆ. ಐಸಿಯುನಲ್ಲಿ ನರ್ಸ್ ಗಂಟೆಗೊಮ್ಮೆ ಬಗ್ಗಿ ಮೂತ್ರದ ಚೀಲ ನೋಡಿ ಎಷ್ಟು ಮಿಲಿ ಅಂತ ಬರೆಯುತ್ತಿದ್ದರು. ಅದ್ಯಾಕೆ ಅಷ್ಟು ಮುಖ್ಯ ಅಂತ ಆಮೇಲೆ ತಿಳಿಯಿತು. ನಾವು ನಂಜೇರಿದೆ ಅನ್ನುವುದನ್ನು ಡಾಕ್ಟರ್‌ಗಳು ಸೆಪ್ಸಿಸ್ ಅನ್ನುತ್ತಾರೆ. ಸೋಂಕು ಒಂದು ಕಡೆ ಇದ್ದರೂ ಪೆಟ್ಟು ಇಡೀ ದೇಹಕ್ಕೆ. ಬಿಪಿ ಬೀಳುತ್ತದೆ, ಕಿಡ್ನಿಗೆ ರಕ್ತ ಸಾಲದೆ ಮೂತ್ರ ಕಡಿಮೆಯಾಗುತ್ತದೆ, ಬುದ್ಧಿ ಮಂಕಾಗುತ್ತದೆ. ಎಂಥ ಒಳ್ಳೆ ಆಂಟಿಬಯೋಟಿಕ್ ಕೊಟ್ಟರೂ ಒಳಗೆ ಕೀವು ನಿಂತಿದ್ದರೆ ಅದನ್ನು ಹೊರಗೆ ತೆಗೆಯಲೇಬೇಕು.

ನಾಲ್ಕನೇ ದಿನ ಡಾಕ್ಟರ್ ಬಂದು "ಗ್ಯಾಸ್ ಹೋಯ್ತಾ?" ಅಂತ ಕೇಳಿದರು. ಹೋಯ್ತು ಅಂದ. ಕರುಳು ಮತ್ತೆ ಕೆಲಸ ಶುರುಮಾಡಿದೆ ಅಂತ ಅದರ ಅರ್ಥ. ಅಮ್ಮ ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟರು.

ಅಪೆಂಡಿಕ್ಸ್ ಒಂದೇ ಅಲ್ಲ. ಟೈಫಾಯ್ಡ್ ಬಂದವರಿಗೆ, ಹೆಚ್ಚಾಗಿ ಮೂರನೇ ವಾರದಲ್ಲಿ, ಸಣ್ಣ ಕರುಳಿನ ಕೊನೆಯಲ್ಲಿ ತೂತು ಬೀಳಬಹುದು. ಜ್ವರ ಬಿಟ್ಟಿತು ಅಂತ ಮಾತ್ರೆ ಅರ್ಧಕ್ಕೆ ನಿಲ್ಲಿಸುವವರು ಇದನ್ನು ನೆನಪಿಡಬೇಕು. ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವ ನಮ್ಮ ದೊಡ್ಡವರಿಗೆ ಹೊಟ್ಟೆಯ ಹುಣ್ಣೇ ಒಡೆಯಬಹುದು.

ಅಪೆಂಡಿಕ್ಸ್‌ಗೆ ಆಪರೇಷನ್ ಯಾಕೆ, ಆಂಟಿಬಯೋಟಿಕ್ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಫಿನ್ಲೆಂಡ್‌ನಲ್ಲಿ ಇದನ್ನು ಸರಿಯಾಗಿ ಪರೀಕ್ಷೆ ಮಾಡಿದ್ದಾರೆ. ಸಿಟಿ ಸ್ಕ್ಯಾನ್ ಮಾಡಿ, ಒಡೆದಿಲ್ಲ, ತೊಡಕಿಲ್ಲ ಅಂತ ಖಾತ್ರಿಯಾದವರಿಗೆ ಮಾತ್ರ ಬರೀ ಆಂಟಿಬಯೋಟಿಕ್ ಕೊಟ್ಟರು. 5 ವರ್ಷದೊಳಗೆ ಅವರಲ್ಲಿ 100ಕ್ಕೆ ಸುಮಾರು 39 ಜನರಿಗೆ ಅಪೆಂಡಿಕ್ಸ್ ತೊಂದರೆ ಮತ್ತೆ ಕಾಣಿಸಿಕೊಂಡಿತು. ಉಳಿದವರು ಆಪರೇಷನ್ ಇಲ್ಲದೆ ಪಾರಾದರು ಅನ್ನುವುದೂ ನಿಜ. ಆದರೆ ಅವರೆಲ್ಲ ಆಸ್ಪತ್ರೆಯಲ್ಲಿ, ಡಾಕ್ಟರ ಕಣ್ಣಮುಂದೆ ಇದ್ದರು. ಮನೆಯಲ್ಲಿ ಕಷಾಯ ಕುಡಿದುಕೊಂಡು ಕಾಯುವುದು ಆ ಚಿಕಿತ್ಸೆ ಅಲ್ಲ.

ನನ್ನ ಬೇಡಿಕೆ ಒಂದೇ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಸರ್ಜನ್ ಮತ್ತು ಅರಿವಳಿಕೆ ಡಾಕ್ಟರ್ ಇಬ್ಬರೂ ಸಿಗಬೇಕು. ಒಬ್ಬರಿದ್ದು ಇನ್ನೊಬ್ಬರಿಲ್ಲದಿದ್ದರೆ ಆ ಆಪರೇಷನ್ ಥಿಯೇಟರಿಗೆ ಬೀಗ ಹಾಕಿದ ಹಾಗೇ. ಕಟ್ಟಡ ಉದ್ಘಾಟನೆಗೆ ಬರುವ ಎಂಎಲ್‌ಎಗಳನ್ನು ಇದನ್ನೇ ಕೇಳಿ.

ದುಡ್ಡಿನ ಭಯಕ್ಕೆ ತಡ ಮಾಡುವವರೂ ಇದ್ದಾರೆ, ನಾವೂ ಮಾಡಿದೆವು. 108 ಆಂಬುಲೆನ್ಸಿಗೆ ದುಡ್ಡಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಕಾರ್ಡ್, ಆಧಾರ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡೇ ಹೊರಡಿ.

ಇವತ್ತೇ ನಿಮ್ಮ ಮನೆಯಲ್ಲಿ ಯಾರಾದರೂ ಹೊಟ್ಟೆ ಹಿಡಿದು ಮಲಗಿದ್ದರೆ, ಅವರಿಗೆ ಒಮ್ಮೆ ಕೆಮ್ಮಲು ಹೇಳಿ. ಕೆಮ್ಮಿದಾಗ ಹೊಟ್ಟೆಯ ಒಂದೇ ಜಾಗದಲ್ಲಿ ಚುಚ್ಚಿದರೆ, ಹೊಟ್ಟೆ ಗಟ್ಟಿಯಾಗಿದ್ದರೆ, ನೋವಿನ ಜೊತೆ ಜ್ವರ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಇದ್ಯಾವುದೂ ಇಲ್ಲದೆ ನೋವು ಮಾತ್ರ ಬಿಡದೆ ಏರುತ್ತಿದ್ದರೂ ತೋರಿಸಿ. ಹರಳೆಣ್ಣೆ ಕುಡಿಸಬೇಡಿ. ಊಟ ಕೊಡಬೇಡಿ, ಡಾಕ್ಟರ್ ನೋಡುವ ತನಕ ನೀರೂ ಬೇಡ. ನೋವು ಎಷ್ಟು ಗಂಟೆಗೆ ಶುರುವಾಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಲ್ಲಿ ಮೊದಲು ಕೇಳುವುದು ಅದನ್ನೇ.