ಎರಡನೇ ಸಿಟಿಂಗ್

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಈಗಷ್ಟೇ ಡಿಗ್ರಿ ಮುಗಿಸಿ ಹಲ್ಲಿನ ಕ್ಲಿನಿಕ್ಕುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಲು ಹೊರಟವರು. ನಾನು ಮಂಗಳೂರಿನಲ್ಲಿ 14 ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಬೋರ್ಡಿನಲ್ಲಿ ಮ್ಯಾನೇಜರ್ ಅಂತ ಇದ್ದರೂ ಜನ ಕರೆಯುವುದು ‘ಕೌಂಟರ್‌ನ ಅಕ್ಕ’ ಅಂತಲೇ. ನನಗೆ ಆ ಹೆಸರು ಇಷ್ಟ.

ಮೊದಲ ಸಲ ರೋಗಿಯನ್ನು ಕ್ಲಿನಿಕ್ಕಿಗೆ ಕರೆತರುವುದು ನೋವು. ರಾತ್ರಿಯಿಡೀ ನಿದ್ದೆ ಇಲ್ಲದೆ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಬಾಗಿಲ ಬಳಿ ನಿಂತಿರುತ್ತಾರೆ. ಎರಡನೇ ಸಲ ಅವರನ್ನು ಕರೆತರಬೇಕಾದವರು ನಾವು. ಇಡೀ ಕೆಲಸ ಇಷ್ಟೇ ಅಂತ ನನಗೆ ಅನಿಸುತ್ತದೆ.

ಯಾಕೆ ಅಂತ ಹೇಳುತ್ತೇನೆ. ರೂಟ್ ಕೆನಾಲ್‌ನ ಮೊದಲ ದಿನ ಡಾಕ್ಟರು ಹಲ್ಲನ್ನು ತೆರೆದು ಒಳಗಿನ ಕೆಟ್ಟ ನರ ತೆಗೆಯುತ್ತಾರೆ. ಒಳಗಿದ್ದ ಒತ್ತಡ ಇಳಿಯುತ್ತದೆ, ನೋವು ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಮೇಲೆ ತಾತ್ಕಾಲಿಕ ಸಿಮೆಂಟ್ ಹಾಕಿ ಕಳಿಸುತ್ತಾರೆ. ಆ ಸಿಮೆಂಟ್ ಇರುವುದು ಕೆಲವು ವಾರಗಳ ಮಟ್ಟಿಗೆ. ಆಮೇಲೆ ಸವೆದು ಎಂಜಲು ಒಳಗಿಳಿಯುತ್ತದೆ, ಮತ್ತೆ ಕೀವು. ಬೇರಿನೊಳಗಿನ ಕೆನಾಲ್ ತುಂಬಿಸಿ, ಹಲ್ಲನ್ನು ಮುಚ್ಚುವ ಗಟ್ಟಿ ಕ್ಯಾಪ್ ಹಾಕದೆ ಬಿಟ್ಟರೂ ಕಷ್ಟವೇ. ಟೊಳ್ಳಾದ ದವಡೆ ಹಲ್ಲು ಒಂದು ಗಟ್ಟಿ ಚಕ್ಕುಲಿಗೆ ಸೀಳಿ ಹೋಗಬಹುದು. ಆದರೆ ರೋಗಿಗೆ ಅಷ್ಟರಲ್ಲಿ ನೋವಿಲ್ಲ, ಅಲ್ವಾ? ಫೋನ್ ಮಾಡಿದರೆ ‘ಬೇನೆ ಪೋಂಡ್ ಅಕ್ಕ’ ಅನ್ನುತ್ತಾರೆ. ಬೇನೆ ಹೋದದ್ದೇ ಅಪಾಯ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ನಾನೂ ಹೇಳಿರಲಿಲ್ಲ. ಮೊದಲು ಕೆಲಸಕ್ಕಿದ್ದ ಕ್ಲಿನಿಕ್ಕಿನಲ್ಲಿ ಒಬ್ಬರು ಬರುತ್ತಿದ್ದರು, ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸು. ಚೀಟಿಯಲ್ಲಿ ರೂಟ್ ಕೆನಾಲ್‌ನ ದುಡ್ಡು ಮಾತ್ರ ಬರೆದು ಕೊಡುವುದು ಅಲ್ಲಿನ ಕ್ರಮ. ಕ್ಯಾಪ್ ಬೇರೆ, ಅದರ ದುಡ್ಡು ಬೇರೆ ಅಂತ ಕೊನೆಯ ದಿನ ಹೇಳುತ್ತಿದ್ದೆವು. ಅವರಿಗೂ ಹಾಗೇ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಚೀಟಿ ಮಡಚಿ ಬ್ಯಾಗಿಗೆ ಹಾಕಿ ಹೋದರು. ಏಳು ತಿಂಗಳ ನಂತರ ಬಂದಾಗ ಹಲ್ಲು ಎರಡು ಹೋಳಾಗಿತ್ತು. ಅದನ್ನು ಕಿತ್ತೇ ತೆಗೆಯಬೇಕಾಯಿತು. ಅಷ್ಟು ಬೀಡಿ ಕಟ್ಟಿ ಉಳಿಸಿದ ದುಡ್ಡು, ಅಷ್ಟು ದಿನದ ಓಡಾಟ, ಎಲ್ಲ ಆ ಹಲ್ಲಿನ ಜೊತೆ ಹೋಯಿತು. ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಅಂದಿನಿಂದ ರೋಗಿ ಚೇರ್‌ಗೆ ಕೂರುವ ಮೊದಲೇ ಪೂರ್ತಿ ಲೆಕ್ಕ ಹೇಳುತ್ತೇನೆ. ಎಷ್ಟು ಸಿಟಿಂಗ್, ಎಕ್ಸ್‌ರೇಗೆ ಎಷ್ಟು, ಕ್ಯಾಪ್‌ಗೆ ಎಷ್ಟು, ಯಾವ ದಿನ ಎಷ್ಟು ಕೊಟ್ಟರೆ ಸಾಕು. ಎಲ್ಲ ಕನ್ನಡದಲ್ಲಿ ಬರೆದು ಕೊಡುತ್ತೇನೆ. ದರದ ಪಟ್ಟಿ ರೋಗಿಗಳಿಗೆ ಸಿಗಬೇಕು ಅಂತ ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಹೇಳುತ್ತದೆ. ಪೂರ್ತಿ ಲೆಕ್ಕ ಕೇಳಿ ಕೆಲವರು ಎದ್ದು ಹೋಗುತ್ತಾರೆ. ಹೋಗಲಿ. ಅರ್ಧಕ್ಕೆ ಬಿಟ್ಟು ಹೋಗುವುದಕ್ಕಿಂತ ಅದು ಎಷ್ಟೋ ವಾಸಿ. ಕೈಯಲ್ಲಿ ದುಡ್ಡಿಲ್ಲದವರಿಗೆ ಡೆಂಟಲ್ ಕಾಲೇಜಿಗೆ ಹೋಗಿ ಅಂತ ನಾನೇ ಹೇಳುತ್ತೇನೆ. ನಮ್ಮ ಕಡೆ ಅದಕ್ಕೇನು ಕೊರತೆ? ಮಣಿಪಾಲದಲ್ಲಿ 1965ರಲ್ಲೇ ಶುರುವಾಯಿತು, ದೇರಳಕಟ್ಟೆಯಲ್ಲಿ 1985ರಲ್ಲಿ. ಸಮಯ ಜಾಸ್ತಿ ಹಿಡಿಯುತ್ತದೆ, ಖರ್ಚು ಕಡಿಮೆ. ನಮ್ಮ ಗಿರಾಕಿ ತಪ್ಪಿದರೂ ಹಲ್ಲು ಉಳಿಯುತ್ತದೆ.

ಇನ್ನು ದಿನ ಕೊಡುವ ವಿಷಯ. ಇದಕ್ಕೆ ಊರು ಗೊತ್ತಿರಬೇಕು. ಗಲ್ಫ್‌ನಿಂದ 20 ದಿನದ ರಜೆಯಲ್ಲಿ ಬಂದವರಿಗೆ ‘ಮುಂದಿನ ತಿಂಗಳು ಬನ್ನಿ’ ಅಂದರೆ ಏನು ಪ್ರಯೋಜನ? ಕ್ಯಾಪ್ ಲ್ಯಾಬಿನಿಂದ ಬರಲು ಸುಮಾರು ಒಂದು ವಾರ ಬೇಕು. ಹಾಗಾಗಿ ಅವರ ವಾಪಸ್ ಟಿಕೆಟ್ ದಿನ ಕೇಳಿ ಹಿಂದಿನಿಂದ ಎಣಿಸುತ್ತೇನೆ. ಯಕ್ಷಗಾನ ಮೇಳದವರು ರಾತ್ರಿಯಿಡೀ ಕುಣಿದು ಬಂದಿರುತ್ತಾರೆ, ಅವರಿಗೆ ಬೆಳಿಗ್ಗೆ ಒಂಬತ್ತು ಗಂಟೆಯ ಸಮಯ ಕೊಡಬಾರದು. ದೊಡ್ಡ ಕೆಲಸವಿದ್ದರೆ ಮೇ ಕೊನೆಯಲ್ಲಿ ಪತ್ತನಾಜೆ, ಅಂದರೆ ಮೇಳಗಳ ತಿರುಗಾಟ ಮುಗಿಯುವ ದಿನ, ಕಳೆದ ಮೇಲೆ ಬರೆಯುತ್ತೇನೆ. ಮಳೆಗೆ ಶಾಲೆಗಳಿಗೆ ರಜೆ ಸಾರಿದ ದಿನ ಮಕ್ಕಳ ಅಮ್ಮಂದಿರು ಸಾಲಾಗಿ ಫೋನ್ ಮಾಡುತ್ತಾರೆ. ಅದಕ್ಕೂ ಜಾಗ ಇಟ್ಟಿರಬೇಕು.

ಭಾಷೆಯೂ ಅಷ್ಟೇ. ಫೋನಿನಲ್ಲಿ ‘ಕೂಲಿ ಬೇನೆ’ ಅಂತ ಕೇಳಿದಾಗ, ಘಟ್ಟದ ಮೇಲಿನಿಂದ ಬಂದ ಹುಡುಗಿಯೊಬ್ಬಳು ಕೂಲಿ ಕೆಲಸದ ವಿಚಾರ ಅಂದುಕೊಂಡಿದ್ದಳು. ತುಳುವಿನಲ್ಲಿ ಕೂಲಿ ಅಂದರೆ ಹಲ್ಲು. ಕೊಂಕಣಿಯಲ್ಲಿ ದಾಂತ್. ನಾಲ್ಕು ಮಾತಾದರೂ ಕಲಿಯಿರಿ. ನೋವಿನಲ್ಲಿರುವವರಿಗೆ ಮನೆಮಾತು ಕೇಳಿದರೆ ಅರ್ಧ ಹೆದರಿಕೆ ಇಳಿಯುತ್ತದೆ.

ಕಾಯಿಸುವುದರಿಂದ ಬಹಳ ಜನ ತಪ್ಪಿಹೋಗುತ್ತಾರೆ. ದಿನಗೂಲಿಯವರಿಗೆ ಎರಡು ಗಂಟೆ ಕಾಯುವುದು ಅಂದರೆ ಅರ್ಧ ದಿನದ ಸಂಬಳ. ಆದರೆ ಅವಸರಕ್ಕೂ ಮಿತಿ ಇದೆ. ಸಲಕರಣೆಗಳ ರೋಗಾಣು ಕೊಲ್ಲಲು ಆಟೋಕ್ಲೇವ್ ಅನ್ನುವ ಹಬೆಯ ಯಂತ್ರದಲ್ಲಿ 121 ಡಿಗ್ರಿಗೆ ಕನಿಷ್ಠ 15 ನಿಮಿಷ ಬೇಕು. ಬಿಸಿಯಾಗಿ, ಮತ್ತೆ ಒಣಗಿ ಹೊರಬರಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಇದನ್ನು ಒಂದು ನಿಮಿಷವೂ ಕಡಿಮೆ ಮಾಡುವ ಹಾಗಿಲ್ಲ, ಯಾರು ಎಷ್ಟೇ ಅವಸರ ಮಾಡಲಿ. ಹಾಗಾದರೆ ಕ್ಲಿನಿಕ್ಕಿನಲ್ಲಿ ಎಷ್ಟು ಸೆಟ್ ಸಲಕರಣೆ ಇದೆ ಅಂತ ಎಣಿಸಿಯೇ ಅಪಾಯಿಂಟ್‌ಮೆಂಟ್ ಬರೆಯಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಡ್ರಿಲ್‌ಗೆ ಗಾಳಿ ಕೊಡುವ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ. ದಿನಾ ಸಂಜೆ ಅದನ್ನು ಹೊರಗೆ ಬಿಡದಿದ್ದರೆ ಒಂದು ದಿನ ಡ್ರಿಲ್ ಕೈಕೊಡುತ್ತದೆ, ಆ ದಿನದ ರೋಗಿಗಳೆಲ್ಲ ಸುಮ್ನೆ ವಾಪಸ್.

ಕಸದ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣದ ವಿಂಗಡಣೆ ನಿಮಗೆ ಸೇರಿದ ಮೊದಲ ವಾರವೇ ಕಲಿಸುತ್ತಾರೆ. ಒಂದೇ ಮಾತು ಹೇಳುತ್ತೇನೆ. ಸೂಜಿಯನ್ನು ಬಿಳಿ ಡಬ್ಬಕ್ಕೆ ಬಿಟ್ಟು ಬೇರೆಲ್ಲೂ ಹಾಕಲು ಬಿಡಬೇಡಿ. ಅದು ಚುಚ್ಚುವುದು ಗುಡಿಸುವ ಅಮ್ಮನ ಕೈಗೆ. ಅವರಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯೇ ಅಂತ ಮೊದಲು ನೋಡಿ.

ನನ್ನ ಬಳಿ ಒಂದು ಉದ್ದ ನೋಟ್‌ಬುಕ್ ಇದೆ. ಕಂಪ್ಯೂಟರ್ ಇದ್ದರೂ ಇದನ್ನು ಬಿಟ್ಟಿಲ್ಲ. ಅರ್ಧಕ್ಕೆ ನಿಂತವರ ವಿವರ ಮಾತ್ರ ಅದರಲ್ಲಿ. ಪ್ರತಿ ಶನಿವಾರ ಮಧ್ಯಾಹ್ನ ಅದನ್ನು ತೆರೆದು ಫೋನ್ ಮಾಡುತ್ತೇನೆ. ‘ಯಾಕೆ ಬರಲಿಲ್ಲ’ ಅಂತ ಕೇಳುವುದಿಲ್ಲ. ‘ಆ ಹಲ್ಲಿನಲ್ಲಿ ಅಗಿಯುತ್ತಿದ್ದೀರಾ?’ ಅಂತ ಕೇಳುತ್ತೇನೆ. ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ, ಇನ್ನೊಂದು ಬದಿಯಲ್ಲಿ ಅನ್ನುತ್ತಾರೆ. ಅಲ್ಲಿಂದ ಮಾತು ಶುರುವಾಗುತ್ತದೆ.

ಆ ಪುಸ್ತಕದ ನಾಲ್ಕು ಪುಟಗಳನ್ನು ಹೆಸರು, ನಂಬರ್ ಮುಚ್ಚಿ ಜೆರಾಕ್ಸ್ ಮಾಡಿ ತಂದಿದ್ದೇನೆ. ಒಂದೊಂದು ತೆಗೆದುಕೊಳ್ಳಿ. ಈಗ ನಿಮ್ಮಲ್ಲಿ ಇಬ್ಬರು ಮುಂದೆ ಬನ್ನಿ, ಒಬ್ಬರು ರೋಗಿ, ಒಬ್ಬರು ಕೌಂಟರ್‌ನವರು. ಪುಟದ ಮೊದಲ ಸಾಲಿನಲ್ಲಿ ಇರುವವರಿಗೆ ಫೋನ್ ಮಾಡಿ ನೋಡೋಣ.