ಅಪ್ಪನ ಜಾವಾಕ್ಕೆ ವಿಂಟೇಜ್ ಪಟ್ಟ ಬೇಕಾ?

ನಮಸ್ಕಾರ ಕೇಳುಗರೇ.

ನಮ್ಮ ಮನೆಯ ಜಾವಾ ಬೈಕು 1968ರದ್ದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಹುಟ್ಟಿದ್ದು. ಅಪ್ಪ ತೀರಿಕೊಂಡ ಮೇಲೆ ಎಂಟು ವರ್ಷ ಹಿತ್ತಲಿನ ಶೆಡ್ಡಿನಲ್ಲಿ ನಿಂತಿತ್ತು. ಮಳೆಗಾಲದಲ್ಲಿ ಅಮ್ಮ ಅದರ ಹ್ಯಾಂಡಲ್ ಮೇಲೆ ಒದ್ದೆ ಟವೆಲ್ ಒಣಹಾಕುತ್ತಿದ್ದರು. ಹೋದ ವರ್ಷ ನಾನು ಅದನ್ನು ಎಬ್ಬಿಸಲು ಕೂತೆ. ಟ್ಯಾಂಕ್ ತೊಳೆದು, ಕಾರ್ಬುರೇಟರ್ ಬಿಚ್ಚಿ, ಹೊಸ ಪ್ಲಗ್ ಹಾಕಿದ್ದಾಯಿತು. ಆರನೇ ಕಿಕ್ಕಿಗೆ ಎಂಜಿನ್ ಎದ್ದಿತು. ಕಾಗದಪತ್ರ ಮಾತ್ರ ಏಳಲಿಲ್ಲ.

ಆಗ ಪಕ್ಕದ ಬೀದಿಯ ಒಬ್ಬರು ಸಲಹೆ ಕೊಟ್ಟರು. "ವಿಂಟೇಜ್ ಮಾಡ್ಸಿಬಿಡಿ ಸಾರ್. ಆಮೇಲೆ ಎಫ್‌ಸಿ ಗಿಫ್‌ಸಿ ಏನೂ ಬೇಡ. ಆರಾಮಾಗಿ ಓಡಿಸ್ಕೊಂಡಿರಿ." ಎಫ್‌ಸಿ ಅಂದರೆ ಗಾಡಿ ಓಡಿಸಲು ಯೋಗ್ಯವಾಗಿದೆ ಅಂತ ತಪಾಸಣೆ ಮಾಡಿ ಕೊಡುವ ಪತ್ರ. ನನಗೂ ಖುಷಿಯಾಯಿತು. ಹಳೇ ಗಾಡಿ ಇಟ್ಟುಕೊಂಡವರ ನಡುವೆ ಈ ಮಾತು ತುಂಬಾ ಓಡಾಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ನಮ್ಮ ದೇಶದ ಮಟ್ಟಿಗೆ ಪೂರ್ತಿ ನಿಜವಲ್ಲ.

ಈ ಮಾತು ಬಹುಶಃ ಬ್ರಿಟನ್ನಿನ ಕಡೆಯಿಂದ ಬಂದಿರಬೇಕು. ಅಲ್ಲಿ ಗಾಡಿಗಳಿಗೆ ವರ್ಷಕ್ಕೊಮ್ಮೆ ಎಂಒಟಿ ಅಂತ ಒಂದು ಪರೀಕ್ಷೆ ಇದೆ. 1960ರಿಂದ ನಡೆದುಕೊಂಡು ಬಂದಿದೆ. 2018ರ ಮೇ 20ರಿಂದ, 40 ವರ್ಷ ದಾಟಿದ ಬೈಕು ಕಾರುಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿತು. ಒಂದೇ ಷರತ್ತು, ಕಳೆದ 30 ವರ್ಷಗಳಲ್ಲಿ ಗಾಡಿಯ ಮುಖ್ಯ ಭಾಗಗಳನ್ನು ದೊಡ್ಡದಾಗಿ ಬದಲಾಯಿಸಿರಬಾರದು. ಫ್ರೇಮ್ ಹೋದರೆ ಅದೇ ಮಾದರಿಯ ಫ್ರೇಮ್ ಹಾಕಬಹುದು. ಸಸ್ಪೆನ್ಷನ್ನಿನ ಬಗೆಯನ್ನೇ ಬದಲಾಯಿಸಿದರೆ ವಿನಾಯಿತಿ ಹೋಯಿತು. ಅಂಥ ಬದಲಾವಣೆ ಆಗಿಲ್ಲ ಅಂತ ಮಾಲೀಕನೇ ಬರೆದು ಹೇಳಬೇಕು, ಅವನ ಮಾತನ್ನು ನಂಬುತ್ತಾರೆ. ಹಾಗಂತ ಬ್ರೇಕಿಲ್ಲದ ಗಾಡಿ ಓಡಿಸುವಂತಿಲ್ಲ. ಅಪಾಯದ ಸ್ಥಿತಿಯ ಗಾಡಿ ರಸ್ತೆಗಿಳಿದರೆ 2,500 ಪೌಂಡಿನವರೆಗೂ ದಂಡ ಬೀಳುತ್ತದೆ. ಉಳಿದಂತೆ ಆ ಬೈಕಿನಲ್ಲಿ ಕೆಲಸಕ್ಕೆ ಹೋಗಬಹುದು, ಅಂಗಡಿಗೆ ಹೋಗಬಹುದು, ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಲೆಕ್ಕ ಬೇರೆ. ವಿಂಟೇಜ್ ವಾಹನಗಳಿಗೆ ಅಂತಲೇ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ತಂದಿತು. ಅದಕ್ಕೂ ಮೊದಲು ಇಡೀ ದೇಶಕ್ಕೆ ಒಂದೇ ರೀತಿಯ ನಿಯಮ ಇರಲಿಲ್ಲ. ಈಗ ಇದೆ. ಮೊದಲ ಸಲ ನೋಂದಣಿಯಾದ ದಿನದಿಂದ 50 ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಫಾರ್ಮ್ 20 ತುಂಬಿ, ವಿಮೆ ಲಗತ್ತಿಸಬೇಕು. ಇಲ್ಲೇ ನೋಂದಣಿಯಾದ ಗಾಡಿಯಾದರೆ ಹಳೆಯ ಆರ್‌ಸಿ ಬೇಕು, ಹೊರದೇಶದಿಂದ ತಂದದ್ದಾದರೆ ಕಸ್ಟಮ್ಸ್ ಕಾಗದ ಬೇಕು. ಹೊಸ ನೋಂದಣಿಗೆ 20,000 ರೂಪಾಯಿ. 10 ವರ್ಷ ನಡೆಯುತ್ತದೆ. ಆಮೇಲೆ ಮರುನೋಂದಣಿಗೆ 5,000.

ನಂಬರ್ ಪ್ಲೇಟಿನ ವಿಷಯ ಹಲವರಿಗೆ ತಲೆಬಿಸಿ. ಹೊಸದಾಗಿ ನೋಂದಣಿಯಾಗುವ ವಿಂಟೇಜ್ ಗಾಡಿಗೆ ರಾಜ್ಯದ ಅಕ್ಷರಗಳ ನಂತರ 'ವಿಎ' ಬರುತ್ತದೆ. ಆದರೆ ಈಗಾಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. 'ಎಂವೈ' ಅಂತ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಇರುವವರು ಇದನ್ನು ಕೇಳಿ ಉಸಿರು ಬಿಡಬಹುದು. ಆ ಎರಡು ಅಕ್ಷರಕ್ಕಾಗಿ ಜನ ಎಷ್ಟು ಒದ್ದಾಡುತ್ತಾರೆ ಅಂತ ನನಗೆ ಗೊತ್ತು. ನಾನೂ ಅವರಲ್ಲೊಬ್ಬ.

ಇಷ್ಟೆಲ್ಲ ಓದಿಕೊಂಡು ಬರುವಾಗ ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಸಾಲು. ವಿಂಟೇಜ್ ಅಂತ ನೋಂದಣಿಯಾದ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಬಾಡಿಗೆಗೆ, ವ್ಯಾಪಾರಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ ಒಯ್ಯಬಹುದು, ವಿಂಟೇಜ್ ರ್‍ಯಾಲಿಗೆ ಹೋಗಬಹುದು, ಪೆಟ್ರೋಲ್ ಹಾಕಿಸಲು ಮತ್ತು ರಿಪೇರಿಗೆ ಹೋಗಿ ಬರಬಹುದು. ಅಲ್ಲಿಗೆ ಮುಗಿಯಿತು. ಭಾನುವಾರ ಬೆಳಿಗ್ಗೆ ಸುಮ್ನೆ ಚಾಮುಂಡಿ ಬೆಟ್ಟ ಹತ್ತಿ ಬರೋಣ ಅಂದರೆ ಅದು ಈ ಪಟ್ಟಿಯಲ್ಲಿಲ್ಲ.

ಅಂದರೆ ಬ್ರಿಟನ್ನಿನವರು ಹಳೇ ಬೈಕಿಗೆ ಪರೀಕ್ಷೆ ಬಿಟ್ಟುಕೊಟ್ಟು ಓಡಿಸು ಅಂತಾರೆ. ನಾವು ಅದಕ್ಕೆ ಪಟ್ಟ ಕಟ್ಟಿ ಮನೆಯಲ್ಲಿ ಕೂರಿಸುತ್ತೇವೆ. ಯಾವುದು ಸರಿ ಅನ್ನುವುದು ಬೇರೆ ವಿಷಯ. ಆದರೆ ಗಾಡಿ ಓಡಿಸುವ ಆಸೆ ಇರುವವರು 20,000 ಕಟ್ಟುವ ಮೊದಲು ಇದನ್ನು ತಿಳಿದಿರಬೇಕು, ಅಲ್ವಾ?

ವಿಂಟೇಜ್ ದಾರಿ ಯಾರಿಗೆ ಒಳ್ಳೆಯದು? ನಾಲ್ಕೈದು ಗಾಡಿ ಜೋಡಿಸಿಟ್ಟುಕೊಂಡಿರುವ ಸಂಗ್ರಾಹಕರಿಗೆ. ಹೊರದೇಶದಿಂದ ಹಳೆಯ ಬೈಕ್ ತರಿಸುವವರಿಗೆ. ವರ್ಷಕ್ಕೆರಡು ರ್‍ಯಾಲಿ ಸಾಕು ಅನ್ನುವವರಿಗೆ. ವಯಸ್ಸಿನ ಲೆಕ್ಕವೂ ನೋಡಿಕೊಳ್ಳಿ. ಮೈಸೂರಿನ ಜಾವಾ ಶುರುವಾಗಿದ್ದು 1961ರಲ್ಲಿ, ಅದೇ ಕಾರ್ಖಾನೆಯ ಬೈಕುಗಳಿಗೆ ಯೆಜ್ಡಿ ಹೆಸರು ಬಂದದ್ದು 1973ರಲ್ಲಿ. ಜಾವಾಗಳಿಗೆಲ್ಲ 50 ತುಂಬಿದೆ, ಮೊದಲ ಯೆಜ್ಡಿಗಳೂ ದಾಟಿವೆ. 1978ರ ಯೆಜ್ಡಿ ರೋಡ್‌ಕಿಂಗ್ ಇಟ್ಟುಕೊಂಡವರು 2028ರ ತನಕ ಕಾಯಬೇಕು.

ನಾನು ಹಿಡಿದದ್ದು ಎಲ್ಲರೂ ಹೋಗುವ ದಾರಿ. ಅದೇ ಆರ್‌ಸಿ ರಿನ್ಯೂವಲ್. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಫಾರ್ಮ್ 25 ಕೊಟ್ಟು, ಗಾಡಿ ತೋರಿಸಿ, ಮುಂದುವರಿಸಿಕೊಳ್ಳಬೇಕು. ಇಲ್ಲಿ ವಯಸ್ಸಾಯಿತು ಅಂತ ತಪಾಸಣೆ ಬಿಡುವುದಿಲ್ಲ. ಶುಲ್ಕವೂ ಏರುತ್ತಾ ಬಂದಿದೆ. 2022ರ ಏಪ್ರಿಲ್‌ನಲ್ಲಿ ಬೈಕಿಗೆ 300 ಇದ್ದದ್ದು 1,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಬೈಕಿಗೆ 2,000 ಮಾಡಿದರು. ತಡ ಮಾಡಿದರೆ ತಿಂಗಳ ಲೆಕ್ಕದಲ್ಲಿ ದಂಡ ಬೇರೆ. ಆದರೂ ಗಾಡಿ ಗಾಡಿಯಾಗಿಯೇ ಉಳಿಯುತ್ತದೆ. ತರಕಾರಿ ತರಲು ಹೋಗಬಹುದು.

ಮೊದಲು ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಬೇಕಿತ್ತು. ಮಾಲೀಕರು ತೀರಿಕೊಂಡಿದ್ದರೆ ಫಾರ್ಮ್ 31. ಮರಣ ಪತ್ರ, ಅಮ್ಮನ ಒಪ್ಪಿಗೆ, ವಿಮೆ ಎಲ್ಲ ಸೇರಿಸಿ ಕೊಟ್ಟೆ. ಇದನ್ನು ಮೂರು ತಿಂಗಳೊಳಗೆ ಮಾಡಬೇಕಂತೆ. ನಾನು ಎಂಟು ವರ್ಷ ಮಲಗಿದ್ದೆ. ಅಪ್ಪನ ಆರ್‌ಸಿ ಬುಕ್ಕು ಕಾರ್ಡಲ್ಲ, ಬಟ್ಟೆ ಅಂಟಿಸಿದ ರಟ್ಟಿನ ಪುಸ್ತಕ. ಕಂಪ್ಯೂಟರಿನಲ್ಲಿ ಅದರ ಸುಳಿವೇ ಇರಲಿಲ್ಲ. ಇಂಥ ಗಾಡಿಗಳನ್ನು ಕಂಪ್ಯೂಟರಿಗೆ ಏರಿಸುವುದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ. ಅದೂ ಆಯಿತು.

ತಪಾಸಣೆಯ ದಿನ ಬಂತು. ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು. ಜಾವಾದಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಇಲ್ಲ. ಒಂದೇ ಲಿವರ್. ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ತಂದರೆ ಗೇರ್. ಅವರಿಗೆ ಅದು ಮಜಾ ಅನ್ನಿಸಿ, ಒಂದು ಸಲ ತಾವೇ ಒದ್ದು ನೋಡಿದರು. ಹೆಡ್‌ಲೈಟ್ ನೋಡಿ ನಕ್ಕರು. 6 ವೋಲ್ಟಿನ ಬೆಳಕು, ದೀಪಾವಳಿ ಹಣತೆಗಿಂತ ಸ್ವಲ್ಪ ಜಾಸ್ತಿ. ಆಮೇಲೆ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಸರಿಯಾಗಿ ಮೂಡಿತು. ಎಂಜಿನ್ ಮೇಲೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಅಲ್ಲೂ ಉಜ್ಜಿದರು. ಪರದೆ ನೋಡಿದರು. ಮತ್ತೆ ಉಜ್ಜಿದರು.

"ನಂಬರ್ ಬೇರೆ ಇದೆ ಸಾರ್. ಇದು ಈ ಗಾಡಿಯ ಎಂಜಿನ್ ಅಲ್ಲ."

ನನಗೆ ಕಾಲ ಕೆಳಗಿನ ನೆಲ ಜಾರಿತು. ಅಪ್ಪ ಎಂಜಿನ್ ಬದಲಾಯಿಸಿದ್ದರೇ? ಮನೆಗೆ ಬಂದು ಅಮ್ಮನನ್ನು ಕೇಳಿದೆ. "ಹೌದಪ್ಪಾ, ನಂಜನಗೂಡು ರಸ್ತೆಯಲ್ಲಿ ಒಂದ್ಸಲ ಎಂಜಿನ್ ಸೀಜ್ ಆಗಿ ಗಾಡಿ ನಿಂತೇಹೋಗಿತ್ತಲ್ಲ. ಆವತ್ತು ಬಸ್ಸಲ್ಲಿ ಬಂದ್ವಿ" ಅಂದರು. ನನಗೆ ಆಗ ಎರಡು ವರ್ಷವಂತೆ. ಆರ್‌ಸಿ ಬುಕ್ಕನ್ನು ಬೆಳಕಿಗೆ ಹಿಡಿದು ಕಡೆಯ ಪುಟದ ತನಕ ನೋಡಿದೆ. ಅಲ್ಲಿ ಮಾಸಿದ ನೇರಳೆ ಸೀಲು. ಎಂಜಿನ್ ಬದಲಾದದ್ದು, ಹೊಸ ನಂಬರ್, 1983ರ ತಾರೀಕು, ಒಂದು ಸಹಿ. ಅಪ್ಪ ಆವತ್ತೇ ಹೋಗಿ ಬರೆಸಿಕೊಂಡು ಬಂದಿದ್ದರು. ಕಂಪ್ಯೂಟರಿಗೆ ಏರಿಸಿದವರು ಮೊದಲ ಪುಟ ನೋಡಿ ಹಳೆಯ ನಂಬರ್ ಹೊಡೆದಿದ್ದರು, ಅಷ್ಟೇ.

ಅದನ್ನು ತಿದ್ದಿಸಲು ಇನ್ನೂ ಐದು ವಾರ ಹಿಡಿಯಿತು. ಅದರ ಕಥೆ ಬೇಡ. ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ದರೆ ಅರ್ಜಿ ಹಾಕುವ ಮೊದಲು ಒಂದು ಭಾನುವಾರ ಕೂತು ಎರಡೂ ನಂಬರ್ ನೀವೇ ಉಜ್ಜಿ ನೋಡಿ. ಆರ್‌ಸಿ ಬುಕ್ಕಿನ ಒಂದೊಂದು ಪುಟವನ್ನೂ ಓದಿ. ನಂಬರ್ ಸವೆದಿದೆ ಅಂತ ಮೆಕ್ಯಾನಿಕ್ ಕೈಯಲ್ಲಿ ಹೊಸದಾಗಿ ಪಂಚ್ ಮಾತ್ರ ಹೊಡೆಸಬೇಡಿ. ಕದ್ದ ಗಾಡಿಗೆ ಮಾಡುವ ಕೆಲಸ ಅದು, ಹಾಗೇ ಕಾಣುತ್ತದೆ. ಬಣ್ಣ ಹೊಡೆಸುವಾಗಲೂ ಪೇಂಟರಿಗೆ ಹೇಳಿ, ಆ ಜಾಗಕ್ಕೆ ಪುಟ್ಟಿ ದಪ್ಪಗೆ ಮೆತ್ತಬಾರದು ಅಂತ.

ಇನ್ನು ಹೊಗೆ. ಜಾವಾದಂಥ, ಪೆಟ್ರೋಲಿನ ಜೊತೆ ಆಯಿಲ್ಲೂ ಸುಡುವ ಟೂ ಸ್ಟ್ರೋಕ್ ಗಾಡಿ ಎಮಿಷನ್ ಟೆಸ್ಟ್ ಪಾಸಾಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. 2000ನೇ ಇಸವಿಯ ಮಾರ್ಚ್ 31ರವರೆಗೆ ತಯಾರಾದ ಬೈಕುಗಳಿಗೆ ಮಿತಿ ಸಡಿಲ ಇದೆ. ಕಾರ್ಬನ್ ಮಾನಾಕ್ಸೈಡ್ ಶೇಕಡಾ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ ತನಕ ನಡೆಯುತ್ತದೆ. ಸೈಲೆನ್ಸರಿನೊಳಗಿನ ಕರಿ ತೆಗೆಸಿ, ಗಾಡಿ ಬಿಸಿಯಾದ ಮೇಲೆ ಹೋಗಿ. ಪೆಟ್ರೋಲಿಗೆ ಆಯಿಲ್ ಅಳತೆ ಮಾಡಿಯೇ ಹಾಕಿ. ಕಣ್ಣಳತೆಯಲ್ಲಿ ಸುರಿಯುವುದು ನಮ್ಮಪ್ಪನ ಅಭ್ಯಾಸವಾಗಿತ್ತು. ಅವರು ಬೀದಿಗೆ ತಿರುಗುವ ಮೊದಲೇ ನಮಗೆ ವಾಸನೆ ಬರುತ್ತಿತ್ತು.

ಆರ್‌ಸಿ ಈಗ ಕಾರ್ಡಾಗಿ ಬಂದಿದೆ. ಹೆಸರು ನನ್ನದು, ನಂಬರ್ ಅಪ್ಪನದೇ. ರಟ್ಟಿನ ಪುಸ್ತಕವನ್ನು ಎಸೆದಿಲ್ಲ. ಹೋದ ಭಾನುವಾರ ಅಮ್ಮನನ್ನು ಹಿಂದೆ ಕೂರಿಸಿಕೊಂಡು ನಂಜನಗೂಡಿಗೆ ಹೋಗಿ ಬಂದೆ. ಹೊರಡುವಾಗ ಅಮ್ಮ ಬಸ್ಸಿನ ಚಿಲ್ಲರೆ ಇಟ್ಟುಕೊಂಡಿದ್ದೀಯಾ ಅಂತ ಕೇಳಿದರು.

ನಮಸ್ಕಾರ.