ಮರುಪರೀಕ್ಷೆಯ ದಿನಗಳಿಗೆ ಕತ್ತರಿ ಹಾಕಬೇಡಿ

ನಮಸ್ಕಾರ. ಕಳೆದ ಸಂಚಿಕೆಯನ್ನು ನೋಡಿದ ಮಂಗಳೂರಿನ ವೀಕ್ಷಕರೊಬ್ಬರು, “ತಾರೀಖು ಬದಲಾಗುವುದಿಲ್ಲ, ದುಡ್ಡು ಹೆಚ್ಚಾಗುವುದಿಲ್ಲ, ಸೆಕ್ಯುರಿಟಿ ಟೆಸ್ಟಿಂಗನ್ನು ಸ್ವಲ್ಪ ಅಡ್ಜಸ್ಟ್ ಮಾಡಿ ಮಾರಾಯ್ರೆ” ಎಂದು ಬರೆದಿದ್ದಾರೆ. ಹಾಗೆ ಅಡ್ಜಸ್ಟ್ ಮಾಡುವಾಗ ನಿಜವಾಗಿ ಕತ್ತರಿ ಬೀಳುವುದು ಯಾವುದಕ್ಕೆ ಎಂಬುದನ್ನು ಇಂದು ಹೇಳಲೇಬೇಕಾಗಿದೆ.

ಸಹಕಾರಿ ಸಂಘವೊಂದು ಮಹಾಸಭೆಯ ದಿನವೇ ಮೊಬೈಲ್ ಆ್ಯಪ್ ಬಿಡುಗಡೆ ಮಾಡುವುದಾಗಿ ಸದಸ್ಯರಿಗೆ ಮಾತು ಕೊಟ್ಟಿದೆ ಎಂದುಕೊಳ್ಳಿ. ಆ್ಯಪ್ ತಯಾರಾಗುವುದು ತಡವಾಗುತ್ತದೆ, ಮಹಾಸಭೆ ಮುಂದೆ ಹೋಗುವುದಿಲ್ಲ. ಸರದಿಯ ಕೊನೆಯಲ್ಲಿರುವ ಭದ್ರತಾ ಪರೀಕ್ಷೆಯೇ, ಅಂದರೆ ಕಳ್ಳರು ನುಗ್ಗಬಹುದಾದ ದಾರಿಗಳನ್ನು ಮೊದಲೇ ಹುಡುಕುವ ಕೆಲಸವೇ, ಆ ವಿಳಂಬವನ್ನೆಲ್ಲ ಹೊರಬೇಕಾಗುತ್ತದೆ. ಪರೀಕ್ಷಕರು ದೋಷಗಳ ಪಟ್ಟಿ ಕೊಡುತ್ತಾರೆ, ಆ್ಯಪ್ ತಯಾರಿಸಿದವರು ಸರಿಪಡಿಸಿದ್ದೇವೆ ಎನ್ನುತ್ತಾರೆ, ಅದು ನಿಜವೇ ಎಂದು ಮತ್ತೆ ಪರೀಕ್ಷಿಸಲು ದಿನಗಳೇ ಉಳಿದಿರುವುದಿಲ್ಲ. ಸಮಯವೂ ಹಣವೂ ಬದಲಾಗದಿದ್ದರೆ ಪರೀಕ್ಷೆಯ ವ್ಯಾಪ್ತಿಯನ್ನು ಕಡಿಮೆ ಮಾಡಿ, ಅದನ್ನು ಲಿಖಿತವಾಗಿ ಮಾಡಿ, ಆದರೆ ಮರುಪರೀಕ್ಷೆಯನ್ನು ಮುಟ್ಟಬೇಡಿ.

ವ್ಯಾಪ್ತಿಯಲ್ಲಿ ಏನನ್ನು ಉಳಿಸಿಕೊಳ್ಳಬೇಕು? ಹಣ ಚಲಿಸುವ ದಾರಿಯನ್ನು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಹೋದ ಸುಮಾರು 94 ಕೋಟಿ ರೂಪಾಯಿಯಲ್ಲಿ ಬಹುಪಾಲು ಹೋದದ್ದು, ಎಟಿಎಂ ವ್ಯವಹಾರಗಳಿಗೆ ಅನುಮತಿ ನೀಡುವ ಸ್ವಿಚ್ ವ್ಯವಸ್ಥೆಗೆ ದಾಳಿಕೋರರು ನುಗ್ಗಿದ್ದರಿಂದ. ಆದ್ದರಿಂದ ಶಾಖೆಯ ಪ್ರಿಂಟರ್, ಪರಿಚಯದ ವೆಬ್‌ಸೈಟ್ ಮುಂದಿನ ಹಂತಕ್ಕೆ ಹೋಗಲಿ. ಲಾಗಿನ್, ಹಣ ವರ್ಗಾವಣೆ ಮತ್ತು ಅವುಗಳ ಹಿಂದಿರುವ ಸರ್ವರ್‌ಗಳನ್ನು ಈಗಲೇ ಪರೀಕ್ಷಿಸಿ, ಸರಿಪಡಿಸಿ, ಮತ್ತೆ ಪರೀಕ್ಷಿಸಿ.

ಇನ್ನಷ್ಟು ಜನರನ್ನು ಹಾಕಿದರೆ ಬೇಗ ಮುಗಿಯುತ್ತದೆ ಎಂಬ ವಾದಕ್ಕೆ ತಲೆಬುಡವಿಲ್ಲ. ಪರೀಕ್ಷೆಗೆ ಬೇಕಾದ ಖಾತೆಗಳೂ ಅನುಮತಿಗಳೂ ಸಿಗದಿದ್ದಾಗ ಇಬ್ಬರು ಕಾಯುವ ಜಾಗದಲ್ಲಿ ಆರು ಜನ ಕಾಯುತ್ತಾರೆ, ಬಿಲ್ ಮಾತ್ರ ಬೆಳೆಯುತ್ತದೆ. ಗೊತ್ತಿರುವ ದೋಷಗಳನ್ನು ತಾನಾಗಿಯೇ ಹುಡುಕುವ ಸಾಫ್ಟ್‌ವೇರ್, ಅಂದರೆ ಸ್ಕ್ಯಾನರ್ ಓಡಿಸಿದರೆ ಸಾಕು ಎನ್ನುವವರೂ ಇದ್ದಾರೆ. ಹಳೆಯ ಸಾಫ್ಟ್‌ವೇರ್ ಆವೃತ್ತಿಯನ್ನು ಸ್ಕ್ಯಾನರ್ ಹಿಡಿದುಕೊಡುತ್ತದೆ, ನಿಜ; ಆದರೆ ಖಾತೆ ಸಂಖ್ಯೆಯ ಒಂದು ಅಂಕಿ ಬದಲಿಸಿದ ಕೂಡಲೇ ಬೇರೆ ಸದಸ್ಯರ ಠೇವಣಿಯ ವಿವರ ತೆರೆದುಕೊಳ್ಳುತ್ತದೆಯೇ ಎಂಬುದನ್ನು, ಯಾರಿಗೆ ಏನು ಕಾಣಬೇಕೆಂದು ಬಲ್ಲ ಮನುಷ್ಯನೇ ಕೂತು ನೋಡಬೇಕು. ಅದು ಸರಿಹೋಯಿತೇ ಎಂಬುದನ್ನೂ ಅವನೇ ಮತ್ತೆ ನೋಡಬೇಕು.

ವಿಂಡೋಸ್‌ನ ದೋಷವೊಂದಕ್ಕೆ 2017ರ ಮಾರ್ಚ್‌ನಲ್ಲೇ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ್ದ ಪರಿಹಾರವನ್ನು ಅಳವಡಿಸದ ಅಸಂಖ್ಯ ಕಂಪ್ಯೂಟರ್‌ಗಳು ಮೇ ತಿಂಗಳಲ್ಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶಕ್ಕೆ ಬಲಿಯಾದವು. ಪರಿಹಾರ ಇದ್ದರೆ ಸಾಲದು, ಅದು ಪ್ರತಿಯೊಂದು ಯಂತ್ರವನ್ನೂ ತಲುಪಿದೆಯೇ ಎಂದು ನೋಡುವವರು ಬೇಕು, ನೋಡಲು ದಿನಗಳು ಬೇಕು! ಮಳೆಗಾಲದ ನಿಷೇಧ ಮುಗಿದು ಮಲ್ಪೆಯಿಂದ ಕಡಲಿಗಿಳಿಯುವ ದೋಣಿಗೆ ಬಣ್ಣ ಬಳಿಯುವುದನ್ನು ಮುಂದೂಡಬಹುದು, ತಳದ ಸೋರಿಕೆ ನಿಂತಿದೆಯೇ ಎಂದು ನೋಡುವುದನ್ನು ಯಾವ ಮಾಲೀಕರೂ ಮುಂದೂಡುವುದಿಲ್ಲ. ವೆಚ್ಚದ ಮಾತಾಡುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಓದಲಿ: ತಕ್ಕ ಭದ್ರತಾ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು.

ಆ ವೀಕ್ಷಕರಿಗೆ ನನ್ನ ಉತ್ತರ ಇದೇ: ಇಲ್ಲ, ಅಡ್ಜಸ್ಟ್ ಮಾಡುವುದಿಲ್ಲ. ಪರೀಕ್ಷಿಸಬೇಕಾದವುಗಳ ಪಟ್ಟಿ ಚಿಕ್ಕದಾಗಲಿ, ಕೈಬಿಟ್ಟದ್ದೆಲ್ಲ ಆಡಳಿತ ಮಂಡಳಿಯ ಸಹಿಯೊಂದಿಗೆ ದಾಖಲಾಗಲಿ, ಮರುಪರೀಕ್ಷೆ ಆಗಲೇಬೇಕು. ಕರಾರುಪತ್ರದಲ್ಲಿ ಇದನ್ನು ಹೇಗೆ ಬರೆಯಬೇಕೆಂಬುದನ್ನು ಮುಂದಿನ ಸಂಚಿಕೆಯಲ್ಲಿ ಸಾಲು ಸಾಲಾಗಿ ತೋರಿಸುತ್ತೇನೆ. ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ, ನಿಮ್ಮ ಸಂಘದ ನಿರ್ದೇಶಕರಿಗೂ ಈ ವಿಡಿಯೊ ಕಳುಹಿಸಿ.